ಬರೆದ ಮೇಲೆ ಗೆರೆ ಎಳೆ

ಚಿಕ್ಕೇರೂರು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂತು. ಚಿಗವ್ವನಿಗೆ ಓದಿ ಹೇಳಿದೆ. ದಿನಚರಿಯ ಬಗ್ಗೆ ಬರೆದದ್ದನ್ನು ಮಾತ್ರ ಬಿಟ್ಟೆ. ಅದು ನನಗೊಬ್ಬಳಿಗೇ ಬರೆದದ್ದು ಅಂತ ಗೊತ್ತು. ಇಲ್ಲಿ ಗೋವಿನಜೋಳ ಮೊಣಕಾಲಮಟ ಬಂದಿದೆ. ಮಳೆ ಎರಡು ದಿನ ಬಿಡುವು ಕೊಟ್ಟರೆ ಎಡೆ ಹೊಡೆದು ಗೊಬ್ಬರ ಹಾಕಬೇಕು ಅಂತ ಕಾಕಾ ಮುಗಿಲು ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಾರೆ.

ರಾತ್ರಿ ದಿನಚರಿ ತೆರೆದರೆ ಬರೀ ತಪ್ಪುಗಳೇ ನೆನಪಾಗುತ್ತವೆ, ಹೊತ್ತು ಹಾಳು ಮಾಡಿದ್ದು, ಗೆಳತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಎಲ್ಲ ಬರೆದು, ಉಣ್ಣಲೂ ಮನಸ್ಸಾಗದೆ ಮಲಗುತ್ತೇನೆ ಅಂದಿದ್ದೀಯ. ನಾಚಿಕೆ ಪಡಬೇಡ. ಆದರೆ ಉಣ್ಣದೆ ಮಲಗುವುದು ನನಗೆ ಸರಿಬರಲಿಲ್ಲ. ಚಿಗವ್ವ ಕೇಳಿದ್ದರೆ ಅವತ್ತೇ ಮೈಸೂರಿನ ಬಸ್ಸು ಹತ್ತಿಬಿಡುತ್ತಿದ್ದಳು!

ನೀನು ಸಂಜೆ ಹೊತ್ತು ಸುತ್ತುವ ಕುಕ್ಕರಹಳ್ಳಿ ಕೆರೆಯ ಕಡೆ ನೂರು ವರ್ಷದ ಹಿಂದೆ ಕುಪ್ಪಳಿಯಿಂದ ಓದಲು ಬಂದ ಹುಡುಗನೊಬ್ಬ ತಿರುಗಾಡುತ್ತಿದ್ದ. ಅವನಿಗೂ ದಿನಚರಿ ಬರೆಯುವ ರೂಢಿಯಿತ್ತು, ಅದೂ ಇಂಗ್ಲಿಷಿನಲ್ಲಿ. ವಿವೇಕಾನಂದರನ್ನು ಓದುವುದು, ಮನಸ್ಸನ್ನು ಮೇಲಕ್ಕೆತ್ತಬೇಕೆಂದು ಒದ್ದಾಡುವುದು, ಕವಿಯಾಗುವ ಹಂಬಲ, ಎಲ್ಲ ಒಟ್ಟಿಗೇ. 1922ರಲ್ಲಿ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕವನ್ನೂ ತಂದಿದ್ದ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹತ್ತಿರ ಕವನ ಹಿಡಿದು ಹೋದರೆ, ನಿನ್ನ ಭಾಷೆಯಲ್ಲಿ ಬರೆಯಬಾರದೇ ಅಂದುಬಿಟ್ಟರು. ಹೊಗಳಿಕೆ ಬಯಸಿ ಹೋದ ಹುಡುಗನಿಗೆ ಎಷ್ಟು ಪಿಚ್ಚೆನಿಸಿರಬೇಕು! ಆ ಹುಡುಗನೇ ಕುವೆಂಪು. ಎಪ್ಪತ್ತೈದು ದಾಟಿದ ಮೇಲೆ, 1980ರಲ್ಲಿ ಬಂದ 'ನೆನಪಿನ ದೋಣಿಯಲ್ಲಿ' ಪುಸ್ತಕದಲ್ಲಿ ಆ ಹಳೆಯ ದಿನಚರಿಯ ಪುಟಗಳನ್ನು ತಾವೇ ನಮ್ಮ ಮುಂದಿಟ್ಟರು. ತನ್ನ ಹತ್ತೊಂಬತ್ತರ ಹರೆಯವನ್ನು ಹೀಗೆ ಮುಚ್ಚುಮರೆಯಿಲ್ಲದೆ ತೋರಿಸಲು ಎಷ್ಟು ದೊಡ್ಡ ಮನಸ್ಸು ಬೇಕು ಹೇಳು.

ಇನ್ನೊಬ್ಬನ ಕಥೆ ಹೇಳುತ್ತೇನೆ, ಅವನನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅಂತ, ವಿಕ್ಟೋರಿಯಾ ರಾಣಿಯ ಕಾಲದವನು. 1863ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದಾಗ ಇನ್ನೂ ಹದಿನೆಂಟು. ಚಿಕ್ಕ ಚಿಕ್ಕ ನೋಟ್‌ಬುಕ್ಕುಗಳಲ್ಲಿ ಬರೆಯುತ್ತಿದ್ದ. ಒಂದಕ್ಕೊಂದು ಹೋಲುವ ಶಬ್ದಗಳ ಪಟ್ಟಿ, ಮೋಡ, ಗಿಡಮರಗಳ ಚಿತ್ರ, ಅರ್ಧ ಬರೆದ ಕವನ, ಅದರ ನಡುವೆಯೇ ಪಾದ್ರಿಯ ಮುಂದೆ ಒಪ್ಪಿಕೊಳ್ಳಬೇಕಾದ ತನ್ನ ಪಾಪಗಳ ಲೆಕ್ಕ. 1866ರ ಜನವರಿಯಲ್ಲಿ, ಮುಂದೆ ಬರುವ ಉಪವಾಸದ ದಿನಗಳಿಗೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡ: ಭಾನುವಾರ ಸಿಹಿ ತಿನ್ನಬಾರದು, ನಿದ್ದೆಗೆಡಬೇಕಾದರೆ ಮಾತ್ರ ಚಹಾ, ಅದೂ ಸಕ್ಕರೆಯಿಲ್ಲದೆ, ಶುಕ್ರವಾರ ಕವಿತೆ ಬರೆಯಬಾರದು, ಕೈಯಿರುವ ಕುರ್ಚಿಯಲ್ಲಿ ಆರಾಮಾಗಿ ಕೂರಬಾರದು. ಸಕ್ಕರೆ ಬಿಟ್ಟದ್ದಿರಲಿ, ಕವಿತೆಯನ್ನೂ ಬಿಡಬೇಕೆಂದನಲ್ಲ!

ಅದೇ ವರ್ಷದ ಬೇಸಿಗೆಯಲ್ಲಿ ಅದೇ ಹುಡುಗ ಓಕ್ ಮರದ ಎಲೆಗಳನ್ನು ದಿಟ್ಟಿಸಿ ದಿಟ್ಟಿಸಿ, ಅವು ಟೊಂಗೆಯಲ್ಲಿ ಜೋಡಿಕೊಂಡಿರುವ ಕ್ರಮ ಕೊನೆಗೂ ಸಿಕ್ಕಿತು ಅಂತ ಬರೆದಿಟ್ಟ. ಆ ಸಾಲಿನ ಹಿಗ್ಗು ಬೇರೆಯೇ. ತಪ್ಪು ಎಣಿಸುವ ಕಣ್ಣೂ ಎಲೆ ನೋಡುವ ಕಣ್ಣೂ ಅವನಿಗೆ ಒಂದೇ ಆಗಿತ್ತು ಅಂತ ನನಗನಿಸುತ್ತದೆ. ನೀನು ಮಾತ್ರ ಒಂದಕ್ಕೇ ಕಣ್ಣು ಕೊಟ್ಟಿದ್ದೀಯ. ಕೆರೆಯ ಏರಿ ಮೇಲೆ ನಡೆದೆ ಅಂತ ಬರೆಯುತ್ತೀಯ, ಅಲ್ಲಿ ಏನು ಕಂಡೆ ಅಂತ ಒಂದು ಸಾಲೂ ಇಲ್ಲ.

ಇನ್ನೊಂದು ಮಾತು. ಪಾದ್ರಿಯ ಮುಂದೆ ಹೇಳಿ ಬಂದ ಮೇಲೆ ಹಾಪ್ಕಿನ್ಸ್ ಆ ಪಾಪಗಳ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿದ್ದ. ಅಲ್ಲಿಗೆ ಅದು ಮುಗಿಯಿತು. 1889ರಲ್ಲಿ ಅವನು ತೀರಿಕೊಂಡ. ಕವನಗಳನ್ನು 1918ರಲ್ಲಿ ಗೆಳೆಯ ರಾಬರ್ಟ್ ಬ್ರಿಜಸ್ ಪುಸ್ತಕ ಮಾಡಿದ. 1937ರಲ್ಲಿ ನೋಟ್‌ಬುಕ್ಕುಗಳು ಅಚ್ಚಾದಾಗ ಆ ಪಾಪದ ಪಟ್ಟಿಯನ್ನು ಮರ್ಯಾದೆಯಿಂದ ಹೊರಗಿಟ್ಟಿದ್ದರು. ಆಮೇಲೆ ಅದೂ ಅಚ್ಚಿಗೆ ಬಂತು. ಅವನೇ ಗೆರೆ ಎಳೆದು ಮುಗಿಸಿದ್ದನ್ನು ಕೆದಕಿ ಓದುವುದು ನನಗೆ ಸರಿಕಾಣುವುದಿಲ್ಲ. ಕುವೆಂಪು ತಾವಾಗಿ ಕೊಟ್ಟರು, ಇವನನ್ನು ಯಾರೂ ಕೇಳಲಿಲ್ಲ.

ನೀನು ಗೆರೆ ಎಳೆಯುವುದೇ ಇಲ್ಲವಲ್ಲ, ತಂಗಿ. ನಿನ್ನೆಯದನ್ನು ಇವತ್ತೂ ಓದಿ ಇವತ್ತೂ ಅಳುತ್ತೀಯ. ಬರೆ, ಬೇಡ ಅನ್ನುವುದಿಲ್ಲ. ಬರೆದ ಮೇಲೆ ದಪ್ಪಗೆ ಗೆರೆ ಎಳೆ, ಎದ್ದು ಹೋಗಿ ಉಣ್ಣು. ಗೆಳತಿಯ ಮೇಲಿನ ಹೊಟ್ಟೆಕಿಚ್ಚು ಇಂದಲ್ಲ ನಾಳೆ ಹೋಗುತ್ತದೆ; ಚಿಕ್ಕವಳಿದ್ದಾಗ ನನ್ನ ಹೊಸ ಲಂಗದ ಮೇಲೂ ನಿನಗಿತ್ತು, ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ?

ಅಂದಹಾಗೆ, ಆ ನೋಟ್‌ಬುಕ್ಕುಗಳು ಅಚ್ಚಾದ ವರ್ಷ ನಮ್ಮ ಸವಣೂರಿನ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲೇ ಓದುತ್ತಿದ್ದರು. ಅವರು ಆ ಪುಸ್ತಕ ಕಂಡರೋ ಏನೋ, ಊಹಿಸಿಕೊಂಡರೇ ನನಗೆ ಖುಷಿ. ಅಲ್ಲಿನ ದಿನಗಳ ಬಗ್ಗೆ ಅವರು ಬರೆದ 'ಸಮುದ್ರದಾಚೆಯಿಂದ' ನಿಮ್ಮ ಗ್ರಂಥಾಲಯದಲ್ಲಿ ಸಿಗುತ್ತದೇನೋ ನೋಡು. ಸಿಕ್ಕರೆ ರಜೆಗೆ ಬರುವಾಗ ತಾ, ಇಬ್ಬರೂ ಓದೋಣ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದೇವೆ. ಗೆಳತಿಗೂ ಕೊಡು.

ನಿನ್ನ,
ಅಕ್ಕ