ನಿಂತ ಗಾಡಿಯ ಕಾವಲು

2024ರ ಜೂನ್ ತಿಂಗಳಲ್ಲಿ ನನ್ನ ಭಾವಮೈದುನನು ಕಚೇರಿಯ ಕೆಲಸದ ಮೇಲೆ ಮೂರು ತಿಂಗಳ ಮಟ್ಟಿಗೆ ವಿದೇಶಕ್ಕೆ ಹೊರಟು ನಿಂತಾಗ, ನನ್ನ ಕೈಗೆ ಎರಡು ಬೀಗದ ಕೈಗಳನ್ನೂ ಒಂದು ಹಾಳೆ ಕಾಗದವನ್ನೂ ಇತ್ತು, “ಭಾವ, ಹದಿನೈದು ದಿನಕ್ಕೊಮ್ಮೆ ಹೋಗಿ ನೋಡಿ ಬಂದರೆ ಸಾಕು” ಎಂದನು. ನೋಡಬೇಕಾಗಿದ್ದುದು ಮನೆಯನ್ನಲ್ಲ, ಹಸುವನ್ನೂ ಅಲ್ಲ. ವೈಟ್‌ಫೀಲ್ಡಿನ ಆಚೆ, ಕಾಡುಗೋಡಿಯ ಅಂಚಿನಲ್ಲಿ, ಅವನ ಖಾಲಿ ನಿವೇಶನದ ಮೇಲೆ ನಿಂತಿದ್ದ ಕ್ಯಾರವಾನನ್ನು.

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ. ಒಳಗೆ ಎರಡು ಮಂಚ, ಒಂದು ಒಲೆ, ಒಬ್ಬರು ಉಸಿರು ಬಿಗಿಹಿಡಿದು ನಿಲ್ಲಬಹುದಾದ ಬಚ್ಚಲು. ನಮ್ಮಲ್ಲಿ ಇದಿನ್ನೂ ಅಪರೂಪ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯವು 2010ರಲ್ಲಿಯೇ ಕ್ಯಾರವಾನ್ ನೀತಿಯೊಂದನ್ನು ಪ್ರಕಟಿಸಿತು. ನೆರೆಯ ಕೇರಳವು 2021ರಲ್ಲಿ ತನ್ನದೇ ಯೋಜನೆಯನ್ನು ಹೂಡಿತು. ಆದರೆ ಇಂಥ ಗಾಡಿಯ ವಿಷಯದಲ್ಲಿ ಎಲ್ಲರೂ ಮಾತನಾಡುವುದು ಅದು ಹೋಗಿ ತಂಗುವ ಬೆಟ್ಟಗಳನ್ನೂ ತೋಟಗಳನ್ನೂ ಕುರಿತು. ವರ್ಷದಲ್ಲಿ ಇಪ್ಪತ್ತು ದಿನ ಓಡಾಡುವ ಈ ಮನೆ ಉಳಿದ ದಿನಗಳಲ್ಲಿ ಎಲ್ಲಿ, ಹೇಗೆ ನಿಂತಿರುತ್ತದೆಂಬುದನ್ನು ಕೇಳಿದವರನ್ನು ನಾನು ಕಾಣೆ.

ನಾನಿರುವುದು ವಿಜಯನಗರದಲ್ಲಿ. 2023ರಲ್ಲಿ ಮೆಟ್ರೋದ ನೇರಳೆ ಮಾರ್ಗವು ವೈಟ್‌ಫೀಲ್ಡನ್ನು ಮುಟ್ಟಿದ ಮೇಲೆ, ಹತ್ತಿದ ಗಾಡಿಯನ್ನು ಇಳಿಯದೆ ಒಂದು ಗಂಟೆಗೂ ಮಿಕ್ಕಿ ಕುಳಿತಿದ್ದರೆ ಊರಿನ ಪಶ್ಚಿಮದಿಂದ ಪೂರ್ವದ ತುದಿಗೆ ಬಂದಂತಾಯಿತು. ಕೃಷ್ಣರಾಜಪುರ ದಾಟಿದೊಡನೆ ಗಾಜಿನ ಗೋಡೆಯ ಸೌಧಗಳು ಸಾಲುಗಟ್ಟುತ್ತವೆ. ಆದರೆ ಆ ಸೌಧಗಳ ಹಿಂದೆ ಹಳೆಯ ವೈಟ್‌ಫೀಲ್ಡ್ ಇನ್ನೂ ಇದೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲವನ್ನು ದಯಪಾಲಿಸಿದರು. ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಇನ್ನರ್ ಸರ್ಕಲ್ ಎಂಬ ವೃತ್ತಾಕಾರದ ಬೀದಿಯಲ್ಲಿ ಒಮ್ಮೆ ಸುತ್ತಿ ಬಂದರೆ ಆ ಕಾಲದ ಊರಿನ ಅಂದಾಜು ಸಿಗುತ್ತದೆ. ನೆಲೆ ಬೇಕೆಂದು ಬಂದವರಿಗಾಗಿ ಕಟ್ಟಿದ ಊರಿದು. ನೆಲೆಯಾದ ಮೇಲೆ ಮನೆಗೆ ಗಾಲಿ ಬೇಕೆನ್ನುವವರು ಈಗ ಇಲ್ಲಿ ವಾಸವಾಗಿದ್ದಾರೆ.

ಭಾವಮೈದುನನ ಕಾಗದವು ವೈದ್ಯರ ಚೀಟಿಯಂತೆ ಇದ್ದಿತು. ಗ್ಯಾಸ್ ಸಿಲಿಂಡರನ್ನು ಕಳಚಿ ಹೊರಗಿಟ್ಟಿದೆ, ಒಳಕ್ಕೆ ತರಬಾರದು. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿಯೇ ಮಡುಗಟ್ಟುತ್ತದೆ. ಬ್ಯಾಟರಿಯ ತಂತಿ ಬಿಚ್ಚಿದೆ. ತಿಂಗಳಿಗೊಮ್ಮೆ ಚಾರ್ಜು ಮಾಡದೆ ಹೋದರೆ ಬರಿದಾಗಿ ಕೆಡುತ್ತದೆ. ಶೀತಪೆಟ್ಟಿಗೆಯ ಬಾಗಿಲು ತೆರೆದೇ ಇರಲಿ, ಮುಚ್ಚಿದರೆ ಬೂಷ್ಟು. ಇಲಿ ನುಗ್ಗುವ ಕಂಡಿಗಳಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುರುಕಿದೆ. ಟೈರಿನ ಒಂದೇ ಭಾಗದ ಮೇಲೆ ಭಾರ ಬೀಳದಂತೆ ಗಾಡಿಯನ್ನು ಆನಿಕೆಗಳ ಮೇಲೆ ಎತ್ತಿದೆ. ಕೈಬ್ರೇಕನ್ನು ಮಾತ್ರ ಹಾಕಕೂಡದು, ಮಳೆಯ ತೇವಕ್ಕೆ ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತದೆ. ಗಾಲಿಗಳಿಗೆ ಮರದ ಬೆಣೆ ಕೊಟ್ಟಿದೆ.

ಈ ಬೆಣೆಯ ಮಾತು ನನಗೆ ಹಿಡಿಸಿತು. ನಮ್ಮೂರಿನ ತೇರೂ ವರ್ಷಕ್ಕೊಂದು ದಿನ ನಡೆದು, ಉಳಿದ ದಿನಗಳೆಲ್ಲ ತಗಡಿನ ಮರೆಯಲ್ಲಿ ಬೆಣೆಗಳ ನಡುವೆ ನಿಂತಿರುತ್ತಿತ್ತು. ಮುಂಗಾರಿಗೆ ಮುಂಚೆ ಅಜ್ಜ ಹೋಗಿ ಅದರ ಅಚ್ಚನ್ನು ತಟ್ಟಿ, ಗೆದ್ದಲು ಹತ್ತಿತೇ ಎಂದು ಸದ್ದು ಕೇಳಿ ಬರುತ್ತಿದ್ದರು. ನಾನೂ ಜೂನ್ ಕೊನೆಯಲ್ಲಿ ಕಾಡುಗೋಡಿಗೆ ಹೋಗಿ ಅದೇ ಗತ್ತಿನಿಂದ ಗಾಡಿಯನ್ನು ತಟ್ಟಿ ನೋಡಿದೆ. ಚಾವಣಿಯ ಬೆಸುಗೆಯೊಂದು ಯಾಕೋ ಅನುಮಾನ ಹುಟ್ಟಿಸಿತು. ಪೇಟೆಯಿಂದ ನೀಲಿ ಟಾರ್ಪಾಲು ತಂದು, ಪಕ್ಕದ ಕಟ್ಟಡದ ಕಾವಲುಗಾರನ ನೆರವಿನಿಂದ ಮೇಲೆ ಹೊದಿಸಿ, ಅಂಚುಗಳನ್ನು ನಾಲ್ಕು ಗೂಟಗಳಿಗೆ ಬಿಗಿದೆ. ಅವನು ರಾಯಚೂರಿನ ಕಡೆಯವನು. ಹೆಂಡತಿ ಮತ್ತು ಆರು ವರ್ಷದ ಮಗಳೊಡನೆ ತಗಡಿನ ಗುಡಿಸಲಿನಲ್ಲಿದ್ದ. ಮಗುವಿಗೆ ಗಾಡಿಯ ಮೆಟ್ಟಿಲೇ ಆಟದ ಜಗಲಿ.

ಜುಲೈ ತಿಂಗಳು ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಮುಳುಗಿಹೋಯಿತು. ಇಂದು ನಾಳೆ ಎನ್ನುತ್ತ ಏಳು ವಾರ ಕಳೆದವು. ಆಗಸ್ಟಿನ ನಡುವೆ ಹೋಗಿ ಬೀಗ ತೆಗೆದಾಗ ಒಳಗೆ ಎಲ್ಲವೂ ಸೊಗಸಾಗಿದ್ದಿತು. ಬೂಷ್ಟಿಲ್ಲ, ಇಲಿಯಿಲ್ಲ, ಹನಿ ನೀರು ಸೋರಿಲ್ಲ. ಹೆಮ್ಮೆಪಡುತ್ತ ಹೊರಗೆ ಬಂದೆ. ಟಾರ್ಪಾಲು ಒಂದೆಡೆ ಜೋತುಬಿದ್ದು ಗುಣಿಯಾಗಿ, ಅದರ ತುಂಬ ಮಳೆಯ ತಿಳಿನೀರು ನಿಂತಿದ್ದಿತು. ಬಗ್ಗಿ ನೋಡಿದೆ. ನೀರಿನ ಮೇಲ್ಮೈಗೆ ತಲೆಕೆಳಗಾಗಿ ತೂಗುತ್ತಿದ್ದ ನೂರಾರು ಸಣ್ಣ ಹುಳುಗಳು ನನ್ನ ನೆರಳು ಬಿದ್ದೊಡನೆ ತಿರುಚಿಕೊಳ್ಳುತ್ತ ತಳಕ್ಕೆ ಇಳಿದವು.

ಮೆಟ್ಟಿಲಿನ ಮೇಲೆ ಮಗು ಇರಲಿಲ್ಲ. ಕಾವಲುಗಾರನನ್ನು ಕೇಳಿದೆ.

“ನಾಕು ದಿನಾತ್ರೀ ಸರ, ಜ್ವರ ಬಿಟ್ಟೇ ಇಲ್ಲ. ಮೈಯೆಲ್ಲಾ ನೋವಂತಾಳ್ರಿ.”

ಅಂದೇ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷಿಸಿ ಡೆಂಗಿ ಎಂದರು. ಈ ರೋಗದಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತೆಂದು ನಾನು ತಿಳಿದದ್ದು ಆ ಮೊಗಸಾಲೆಯಲ್ಲಿ. ಮೈ ತಣ್ಣಗಾಯಿತೆಂದು ಮನೆಯವರು ನೆಮ್ಮದಿಪಡುವಷ್ಟರಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಕುಸಿಯಬಹುದಂತೆ. ರೋಗಾಣುವನ್ನೇ ಕೊಲ್ಲುವ ಔಷಧವಿಲ್ಲ. ದ್ರವಾಹಾರ, ವಿಶ್ರಾಂತಿ, ಎಚ್ಚರದ ಕಣ್ಣು, ಇಷ್ಟೇ ಚಿಕಿತ್ಸೆ. ಐದು ದಿನ ಮಗು ಅಲ್ಲಿಯೇ ಮಲಗಿತು. ಕಾಲೇಜು ಮುಗಿಸಿ ಪ್ರತಿ ಸಂಜೆ ನಾನು ಮೆಟ್ರೋ ಹತ್ತುತ್ತಿದ್ದೆ.

ಈ ಸೊಳ್ಳೆ ಕೊಳಚೆಯನ್ನು ಅರಸುವುದಿಲ್ಲ. ಅದಕ್ಕೆ ಬೇಕಾದುದು ತಿಳಿನೀರು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು, ಕಚ್ಚುವುದೂ ಹಗಲಿನಲ್ಲಿ. ನಾನು ಕೊಟ್ಟದ್ದು ಏಳು ವಾರ. ಎರಡನೆಯ ಸಂಜೆ ಕಾವಲುಗಾರನಿಗೆ ಟಾರ್ಪಾಲಿನ ಸಂಗತಿಯನ್ನು ಹೇಳಿಬಿಟ್ಟೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಡ್ರಮ್ಮಿನಾಗೂ ನೀರು ತೆರದೇ ಇತ್ತಲ್ರಿ. ಯಾವ ನೀರಿಂದು ಅಂತ ಯಾರಿಗ್ ಗೊತ್ರೀ ಸರ” ಎಂದನು. ಸಮಾಧಾನಕ್ಕೆ ಹೇಳಿದನೋ, ದೊಡ್ಡವರೊಡನೆ ವಾದವೇಕೆಂದು ಹೇಳಿದನೋ ನಾನರಿಯೆ. ಅವನ ಹೆಂಡತಿ ಮಾತ್ರ ನನ್ನ ಕಡೆ ನೋಡಲಿಲ್ಲ.

ಆ ರಾತ್ರಿ ಮನೆಗೆ ಬಂದು ಕಾಗದವನ್ನು ಮತ್ತೆ ಬಿಡಿಸಿದೆ. ಹಿಂಬದಿಯಲ್ಲಿಯೂ ನಾಲ್ಕು ಸಾಲು ಇದ್ದವು. “ಮೇಲೆ ಪ್ಲಾಸ್ಟಿಕ್ ಹೊದಿಸಬೇಡಿ ಭಾವ, ಒಳಗೆ ತೇವ ಹಿಡಿಯುತ್ತದೆ.” ಪ್ರಶ್ನೆಪತ್ರಿಕೆಯ ಹಿಂಬದಿಯನ್ನು ನೋಡದೆ ಬರೆದು ಬಂದವರನ್ನು ಪ್ರತಿವರ್ಷವೂ ಗದರಿಸುವವನು ನಾನು! ಆ ನಾಲ್ಕು ಸಾಲುಗಳಲ್ಲಿಯೂ ಇದ್ದುದು ಗಾಡಿಯ ಆರೋಗ್ಯವೇ ಹೊರತು, ಅದರ ಪಕ್ಕದಲ್ಲಿ ಮನುಷ್ಯರಿದ್ದಾರೆಂಬ ಸೂಚನೆಯಲ್ಲ; ಅದು ಬರೆದವನ ತಲೆಗೂ ಹೊಳೆದಿರಲಿಲ್ಲ, ಓದಿದವನ ತಲೆಗೂ.

ಸೆಪ್ಟೆಂಬರ್ ಮೊದಲಲ್ಲಿ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡವನ್ನು ಗೊತ್ತುಪಡಿಸಿತು. ಅಷ್ಟರಲ್ಲಿ ಮಗು ಗುಡಿಸಲಿಗೆ ಮರಳಿತ್ತು. ಟಾರ್ಪಾಲು ತೆಗೆದಾಗಿತ್ತು, ಗಾಡಿಯ ಒಂದು ಮೂಲೆಯನ್ನು ತುಸು ತಗ್ಗಿಸಿ ಮಳೆಯ ನೀರು ಹರಿದುಹೋಗುವಂತೆ ಮಾಡಿದೆ. ಡ್ರಮ್ಮಿಗೆ ಮುಚ್ಚಳ ಬಂದಿತು. ಭಾನುವಾರಗಳಂದು ನಾನೂ ಕಾವಲುಗಾರನೂ ನಿವೇಶನದ ಸುತ್ತ ತಿರುಗಿ, ತೆಂಗಿನ ಚಿಪ್ಪು, ಹಳೆಯ ಟೈರು, ಬಣ್ಣದ ಡಬ್ಬಿಗಳನ್ನೆಲ್ಲ ಬೋರಲು ಹಾಕುತ್ತಿದ್ದೆವು.

ಭಾವಮೈದುನ ಬಂದ ಮೇಲೆ ನಡೆದುದನ್ನೆಲ್ಲ ಹೇಳಿದೆ. ಡಿಸೆಂಬರಿನಲ್ಲಿ ಅವನ ಸಂಸಾರ ಸಕಲೇಶಪುರಕ್ಕೆ ಹೊರಟಿತು. ಗಾಡಿಯನ್ನು ಆನಿಕೆಗಳಿಂದ ಇಳಿಸಿ ಕೊಂಡಿ ಹಾಕಿದ್ದಾಯಿತು. ಕಾವಲುಗಾರನ ಮಗಳು ಬಂದು, ಬೆಣೆಯನ್ನು ತಾನೇ ಎಳೆಯುತ್ತೇನೆಂದು ಹಟ ಹಿಡಿದಳು. ಒಂದು ಮಳೆಗಾಲವೆಲ್ಲ ಮಣ್ಣಿನಲ್ಲಿ ಕೂತಿದ್ದ ಬೆಣೆ ಜಗ್ಗಲಿಲ್ಲ. ತಾಯಿಯೂ ಬಂದು ಕೈ ಹಾಕಿದಳು.