ತಾತ ಮದುವೆಗೆ ಬರಲಿಲ್ಲ

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರ ತಾತನಿಗೆ ಕ್ಯಾನ್ಸರ್ ಎಂದು ಪ್ರಾಸ್ಟೇಟ್ ಗ್ರಂಥಿ ತೆಗೆದಿದ್ದರು. ನಳಿಕೆ ತೆಗೆದ ಮೇಲೆ ಕೆಮ್ಮಿದರೂ ಪಂಚೆ ಒದ್ದೆ. ಮದುವೆಗೆ ಹೋಗಲಿಲ್ಲ, ಬಸ್ಸು ಹತ್ತಲಿಲ್ಲ, ನೀರನ್ನೂ ಬಿಟ್ಟರು. 'ವಯಸ್ಸಾಯಿತಲ್ಲ' ಎಂದರು ಮನೆಯವರು.

ಪಿಯುಸಿ ಓದುವ ಮೊಮ್ಮಗಳು ಒಪ್ಪಲಿಲ್ಲ, ವೈದ್ಯರನ್ನೇ ಕೇಳಿದಳು. ಗ್ರಂಥಿ ಇರುವುದು ಮೂತ್ರಕೋಶದ ಬುಡದಲ್ಲಿ. ಅದನ್ನು ತೆಗೆದಾಗ ಮೂತ್ರ ತಡೆಯುವ ಸ್ನಾಯು ದುರ್ಬಲವಾಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹಿಡಿತ ಮರಳುತ್ತದೆ, ವರ್ಷವೂ ಹಿಡಿಯಬಹುದು. ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆಂಗಸರಿಗಾಗಿ ಪ್ರಕಟಿಸಿದ ವ್ಯಾಯಾಮ ಗಂಡಸರಿಗೂ ನೆರವಾಗುತ್ತದೆ: ವಾಯು ತಡೆಯುವಂತೆ ಬಿಗಿಹಿಡಿದು ಸಡಿಲಿಸುವುದು, 10 ಸಲ, ದಿನಕ್ಕೆ 3 ಹೊತ್ತು. ಮೊಮ್ಮಗಳೇ ಮೆಡಿಕಲ್ ಸ್ಟೋರಿನಿಂದ ಪ್ಯಾಡ್ ತಂದಳು. ಕಾಫಿ ಕಡಿಮೆಯಾಯಿತು, ನೀರಲ್ಲ.

ಮನೆಯ ಹಿರಿಯರು ಇದ್ದಕ್ಕಿದ್ದಂತೆ ಹೊರಗೆ ಹೋಗುವುದನ್ನು ಬಿಟ್ಟರೆ, ಮಕ್ಕಳೇ, ನಗಬೇಡಿ. ಹತ್ತಿರ ಕುಳಿತು ಕಾರಣ ಕೇಳಿ.