ಮೌನಿ ಕಾವಲುಗಾರ

ರಾತ್ರಿಯ ಗಸ್ತಿನವನು ಕೋಲು ಕುಟ್ಟುತ್ತ ಬೀದಿಯಲ್ಲಿ ಹಾಯ್ದುಹೋದರೆ ಮಲಗಿದವರಿಗೆ ನೆಮ್ಮದಿ. ಆ ಸದ್ದು ಕೇಳದ ರಾತ್ರಿ ಯಾರಾದರೊಬ್ಬರು ಎದ್ದು ಕಿಟಕಿಯಿಂದ ಇಣುಕುತ್ತಾರೆ. ಗಣಕಯಂತ್ರಗಳ ಲೋಕದಲ್ಲಿ ಈ ನ್ಯಾಯ ತಿರುವುಮುರುವಾಗಿದೆ. ಅಲ್ಲಿ ಕಾವಲುಗಾರ ಸುಮ್ಮನಿದ್ದಷ್ಟೂ ಯಜಮಾನನಿಗೆ ಧೈರ್ಯ. ಆತ ಸುಮ್ಮನಿರುವುದು ಕೆಲಸ ಮುಗಿಸಿಯೋ, ಕೆಲಸ ಬಿಟ್ಟೋ ಎಂಬ ಪ್ರಶ್ನೆ ಏಳುವುದು ಮನೆ ಬರಿದಾದ ಮೇಲೆ.

ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಕಾಲೇಜಿನ ಅಂಕಪಟ್ಟಿ ಮುಂತಾದುವೆಲ್ಲ ಇಂದು ಬಹುಮಟ್ಟಿಗೆ ಯಂತ್ರಗಳಲ್ಲಿಯೇ ನೆಲೆಸಿವೆ. ಅಂತಹ ಯಂತ್ರಗಳಲ್ಲಿ ಅನೇಕವನ್ನು ನಡೆಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಯಂತ್ರ ಕೆಟ್ಟರೂ ಕಡತ ಉಳಿಯಲೆಂದು ಜಾಲದ ಮೂಲಕ ಇನ್ನೊಂದೆಡೆ ನಕಲು ಇಡುವ ಪದ್ಧತಿಯೇ ಬ್ಯಾಕಪ್. ಪ್ರತಿಯೊಂದು ಯಂತ್ರದಲ್ಲಿಯೂ ಕುಳಿತು ಕಡತಗಳನ್ನು ಕಟ್ಟಿ ಕಳುಹಿಸುವ ಪುಟ್ಟ ಆಳಿಗೆ ಕ್ಲಯಂಟ್ ಎಂದು ಹೆಸರು.

ಈ ಆಳು ಮುನಿದಾಗ ಕಾರಣ ಹುಡುಕುವುದೂ ಒಂದು ವಿದ್ಯೆ. 2002ರಲ್ಲಿ ಹೊರಬಂದ ಬಾಕ್ಯುಲಾ ಎಂಬ ತಂತ್ರಾಂಶವನ್ನು ನೋಡಬಹುದು. ರಾತ್ರಿ ಬಂದು ಯಂತ್ರಗಳ ಸತ್ತ್ವವನ್ನು ಹೀರಿ ಹೋಗುವುದೆಂದು ಡ್ರಾಕುಲಾನ ನೆನಪಿನಲ್ಲಿ ಇಟ್ಟ ವಿನೋದದ ಹೆಸರು ಅದು. ಅದರ ಸಂಸಾರದಲ್ಲಿ ಅಪ್ಪಣೆ ಕೊಡುವವನೊಬ್ಬ, ಕಡತ ಕೊಡುವ ಕ್ಲಯಂಟ್ ಒಬ್ಬ, ಉಗ್ರಾಣಿ ಒಬ್ಬ. ಅಪ್ಪಣೆಗಾರ 9102ನೆಯ ಬಾಗಿಲಿನಲ್ಲಿ ಕ್ಲಯಂಟನ್ನು ಕೂಗುತ್ತಾನೆ. ಇಬ್ಬರ ಗುಟ್ಟಿನ ಮಾತಿನಲ್ಲಿ, ಅಂದರೆ ಪಾಸ್‌ವರ್ಡಿನಲ್ಲಿ, ಒಂದಕ್ಷರ ವ್ಯತ್ಯಾಸವಾದರೂ ಸಂಬಂಧ ಮುರಿಯಿತು. ಕೂಡಿಬಂದರೆ ಕ್ಲಯಂಟ್ ಗಂಟು ಹೊತ್ತು 9103ನೆಯ ಬಾಗಿಲಿಗೆ, ಉಗ್ರಾಣಕ್ಕೆ, ತಾನೇ ಹೋಗಬೇಕು. ಆ ಉಗ್ರಾಣದ ವಿಳಾಸವನ್ನು 'ಲೋಕಲ್‌ಹೋಸ್ಟ್', ಎಂದರೆ 'ಇದೇ ಮನೆ', ಎಂದು ಬರೆದಿದ್ದರೆ ಫಜೀತಿ. ಬರೆದವನಿಗೆ ಅದು ಬರೆದವನ ಮನೆ. ಓದಿದ ಕ್ಲಯಂಟಿಗೆ ಓದಿದವನ ಮನೆ. ಪಾಪ, ಅವನು ತನ್ನ ಬಾಗಿಲನ್ನು ತಾನೇ ತಟ್ಟುತ್ತ ನಿಲ್ಲುತ್ತಾನೆ! ಬಲ್ಲವರು ಇಲ್ಲಿ ಯಂತ್ರವನ್ನು ಬೈಯುವುದಿಲ್ಲ. ಆಳು ಎದ್ದಿದ್ದಾನೆಯೇ, ವಿಳಾಸ ಸರಿಯೇ, ನಡುವೆ ಫೈರ್‌ವಾಲ್ ತಡೆದಿದೆಯೇ, ಗುಟ್ಟಿನ ಮಾತು ಹೊಂದುತ್ತದೆಯೇ ಎಂದು ಒಂದೊಂದನ್ನೇ, ಆಳು ನಿಂತ ಜಾಗದಿಂದಲೇ ನೋಡಿ ತಿಳಿಯುತ್ತಾರೆ.

ಇವೆಲ್ಲ ಕೂಗಿ ಹೇಳುವ ರೋಗಗಳು. ಹೇಳದೆ ಕೊಲ್ಲುವ ರೋಗ ಬೇರೆ. ಪ್ರಪಂಚದ ತಂತ್ರಾಂಶಕಾರರು ತಮ್ಮ ಬರಹಗಳನ್ನಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ಎರಡನೆಯ ಯಂತ್ರವೆಂದು ಭ್ರಮಿಸಿ ಮೊದಲನೆಯದರ ದತ್ತಾಂಶವನ್ನೇ ಅಳಿಸತೊಡಗಿದ. ಒಂದೆರಡು ಕ್ಷಣಗಳಲ್ಲಿ ಕೈ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು ಸುಮಾರು 4.5 ಮಾತ್ರ. ನಿತ್ಯದ ನಕಲಿಗಾಗಿ ಉಗ್ರಾಣ ತೆರೆದರೆ ಅದು ಬರಿದು! ದತ್ತಾಂಶ 9.6ನೆಯ ಆವೃತ್ತಿಯದು, ನಕಲು ತೆಗೆಯುವ ಆಳು 9.2ನೆಯದು, ಆದ್ದರಿಂದ ಅವನು ಪ್ರತಿ ಸಲವೂ ಸೋತಿದ್ದ. ಸೋಲಿನ ವರದಿ ಮಿಂಚಂಚೆಯಲ್ಲಿ ಹೊರಟಿತ್ತು; ಗುರುತಿನ ಮುದ್ರೆ ಸರಿಯಿಲ್ಲವೆಂದು ಅಂಚೆಯ ಬಾಗಿಲಿನಲ್ಲಿಯೇ ಅದು ತಿರಸ್ಕೃತವಾಗಿತ್ತು. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿಯೇ ಮಾನ ಉಳಿಸಿತು. ಆ ಆರು ಗಂಟೆಗಳ ದಾಖಲೆ ಹೋಯಿತು. ಸಂಸ್ಥೆ ಏನನ್ನೂ ಮರೆಮಾಚದೆ ಎಲ್ಲವನ್ನೂ ಲೋಕಕ್ಕೆ ಬಿಚ್ಚಿ ಹೇಳಿದ್ದು ಅದರ ದೊಡ್ಡತನ.

ಅಲ್ಲಿ ಆಳು ಇರಲಿಲ್ಲವೆ? ಇದ್ದ. ದೂರು ಹೇಳಲಿಲ್ಲವೆ? ಹೇಳಿದ. ಇಷ್ಟು ದಿನ ಅವನ ಧ್ವನಿಯೇ ಇಲ್ಲವಲ್ಲ ಎಂದು ಬೆರಗಾಗುವವರು ಮಾತ್ರ ಇರಲಿಲ್ಲ.

ಉಪ್ಪಿನಕಾಯಿ ಹಾಕಿದ ಗೃಹಿಣಿ ಜಾಡಿಗೆ ಬಟ್ಟೆ ಕಟ್ಟಿದಳೆಂದು ಮರೆತು ಕೂಡುವುದಿಲ್ಲ. ಆಗಾಗ ಬಿಚ್ಚಿ ಬೂಷ್ಟು ಹಿಡಿಯಿತೇ ಎಂದು ನೋಡುತ್ತಾಳೆ. ಬ್ಯಾಕಪ್ಪಿಗೂ ಇದೇ ಪರೀಕ್ಷೆ. ಆಗೊಮ್ಮೆ ಈಗೊಮ್ಮೆ ಒಂದು ಕಡತವನ್ನು ಉಗ್ರಾಣದಿಂದ ಮರಳಿ ತರಿಸಿ, ಬೇರೆ ಜಾಗದಲ್ಲಿ ತೆರೆದು ಓದಬೇಕು. ಮರಳಿ ಬಂದದ್ದು ಮಾತ್ರ ನಕಲು, ಉಳಿದದ್ದೆಲ್ಲ ನಂಬಿಕೆ. ಮಗಳ ಮದುವೆಯ ಚಿತ್ರಗಳೆಲ್ಲ ಫೋನಿನಿಂದ ತಾವಾಗಿಯೇ ಎಲ್ಲಿಗೋ ಹೋಗಿ ಭದ್ರವಾಗಿವೆಯೆಂದು ನಿಶ್ಚಿಂತರಾಗಿರುವ ಮನೆಗಳು ಇಂದು ಎಷ್ಟೋ! ಫೋನು ಕೈಯಲ್ಲಿರುವಾಗಲೇ ಅವುಗಳಲ್ಲಿ ಒಂದನ್ನಾದರೂ ಬೇರೊಂದು ಯಂತ್ರದಲ್ಲಿ ತೆರೆಸಿ ನೋಡುವುದು ಮೇಲು.